ಬ್ರೆಡ್ ಡಬ್ಬಿಯಲ್ಲಿ ಬಂದ ರಕ್ತ

ಜನವರಿ 11

ಪ್ರೀತಿಯ ಅಕ್ಕ,

ನಿನ್ನ ರಕ್ತ ಕ್ಷೇಮವಾಗಿ ತಲುಪಿತು. ನಿಮ್ಮ ಬೇಕರಿ ವ್ಯಾನಿನ ಪೀಪಿ ಬ್ರೆಡ್ ಡಬ್ಬಿಯಲ್ಲಿ ಐಸಿನ ನಡುವೆ ಅದನ್ನಿಟ್ಟು ತಂದು, ನಮ್ಮ ಲ್ಯಾಬಿನ ಮೆಟ್ಟಿಲ ಬಳಿ ವ್ಯಾನ್ ನಿಲ್ಲಿಸಿ, ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಹಾರ್ನ್ ಹೊಡೆದ. "ನಿಮ್ಮಕ್ಕನ ರಕ್ತ ಮೇಡಂ, ಆರಿ ಹೋಗೋಕೆ ಮುಂಚೆ ತಗೊಳ್ಳಿ" ಎಂದ. ಅವನ ಪಾಲಿಗೆ ಜಗತ್ತಿನ ಸಾಮಾನೆಲ್ಲ ಬನ್ನೇ.

ಒಪ್ಪಿಕೊಂಡಂತೆ ಕಾಗದದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕಿಳಿಯುತ್ತೇವೆ.

ನಿನ್ನ ಸಿ.ಆರ್.ಪಿ. ಅರವತ್ನಾಲ್ಕು. ಹತ್ತರೊಳಗೆ ಇರಬೇಕಿತ್ತು. ಮೈಯೊಳಗೆ ಎಷ್ಟು ಉರಿಯೂತ ಇದೆ ಎಂದು ಹೇಳುವ ಅಂಕಿ ಇದು. ನಾನು ಇದನ್ನೆಲ್ಲ ಇಂಗ್ಲಿಷಿನಲ್ಲಿ ಕಲಿತವಳು. ಉರಿಯೂತ ಎಂಬ ಮಾತು ಸಿಕ್ಕಿದ್ದು ಈಚೆಗೆ, ಆಸ್ಪತ್ರೆಯ ಗೋಡೆಯ ಮೇಲಿನ ಒಂದು ಫಲಕದಲ್ಲಿ. ಯಾರೋ ನಿನ್ನ ಗೆಣ್ಣುಗಳನ್ನು ಮುಟ್ಟಿ ನೋಡಿ ಇಟ್ಟ ಹೆಸರಿನಂತಿದೆ. ಭಟ್ಟಿಯ ಬಾಗಿಲು ತಗುಲಿ ಕೈ ಸುಟ್ಟಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದಲ್ಲ, ಅದು ಮೈ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ರೀತಿ. ಕೆಲಸ ಮುಗಿದ ಮೇಲೆ ಊತ ಇಳಿಯಬೇಕು. ನಿನ್ನಲ್ಲಿ ಅದು ಇಳಿಯುವುದನ್ನೇ ಮರೆತಿದೆ. ಏನೂ ಸುಡದಿರುವ ಕಡೆಯೂ ರಿಪೇರಿಯವರು ಬಂದು ಕೂತು, ಮಾಡಲು ಕೆಲಸವಿಲ್ಲದೆ ಗೋಡೆಯನ್ನೇ ಕೆರೆಯುತ್ತಿದ್ದಾರೆ.

ಕೀಲಿನ ಡಾಕ್ಟರು ಹೇಳಿದ್ದನ್ನು ನೀನೂ ಕೇಳಿಸಿಕೊಂಡಿದ್ದೀಯ. ಹೀಗೇ ಬಿಟ್ಟರೆ ಬೆರಳು ಸೊಟ್ಟಗಾಗುತ್ತವೆ. ಸೊಟ್ಟಗಾದದ್ದು ಮತ್ತೆ ನೆಟ್ಟಗಾಗುವುದಿಲ್ಲ. ಅಮ್ಮನ ಕೈ ನಾವಿಬ್ಬರೂ ನೋಡಿದ್ದೇವೆ. ಕೊನೆಗೆ ರವಿಕೆಯ ಗುಂಡಿಗೂ ನಮ್ಮನ್ನೇ ಕರೆಯುತ್ತಿದ್ದಳು. ನಿನ್ನ ಕೈ ಹೋದರೆ ಬೇಕರಿಯೂ ಹೋಯಿತು. ಆದರೂ ಡಾಕ್ಟರು ಬರೆದುಕೊಟ್ಟ, ವಾರಕ್ಕೊಮ್ಮೆ ನುಂಗುವ ಆ ವಾರದ ಮಾತ್ರೆ ಶುರು ಮಾಡು ಎಂದರೆ, ಕೂದಲು ಉದುರುತ್ತೆ, ಲಿವರ್ ಹಾಳಾಗುತ್ತೆ ಎಂದು ನೀನು ಆಸ್ಪತ್ರೆಯ ಬಾಗಿಲಲ್ಲೇ ಹಟ ಹಿಡಿದೆ. "ಮೇ ತಿಂಗಳ ತನಕ ಟೈಮ್ ಕೊಡು, ನೀನು ಹೇಳಿದ್ದೆಲ್ಲ ಮಾಡ್ತೀನಿ" ಎಂದೆ. ನಾನು ಒಪ್ಪಿದೆ. ಸರಿ ಮಾಡಿದೆನೋ ಇಲ್ಲವೋ ಗೊತ್ತಿಲ್ಲ.

ಹಾಗಾದರೆ ಮಾಡು. ಹಿಂದಿನ ಮೆಟ್ಟಿಲ ಮೇಲೆ ಚಿಕ್ಕಪ್ಪನ ಜೊತೆ ಸೇದುವ ಸಿಗರೇಟು ಬಿಡು, ಎಲ್ಲಕ್ಕಿಂತ ಮೊದಲು ಅದು. ಸಂಜೆ ನಡಿ. ಮಿಕ್ಕ ಬನ್ನು ಚಹಾದಲ್ಲಿ ಅದ್ದಿ ತಿಂದರೆ ಅದು ಊಟವಲ್ಲ. ಸೊಪ್ಪು, ಕಾಳು, ಹಣ್ಣು, ಮೀನು ತಿನ್ನು. ಚಹಾಕ್ಕೆ ಸಕ್ಕರೆ ಕಡಿಮೆ ಮಾಡು. ನಿದ್ದೆಯ ಬಗ್ಗೆ ಬೇಕರಿಯವಳಿಗೆ ಏನು ಹೇಳಬೇಕೋ ತಿಳಿಯದು. ಆದಷ್ಟು ಮಲಗು.

ನಿನ್ನ
ಸೂಜಿ

&nbsp;

ಜನವರಿ 23

ಸೂಜಿ,

ಚಿಕ್ಕಂದಿನಲ್ಲಿ ನೀನು ಕಡ್ಡಿ ಹಾಗಿದ್ದೆ ಅಂತ ಅಪ್ಪ ಇಟ್ಟ ಹೆಸರು. ನೀನು ದೊಡ್ಡವಳಾಗಿ ಊರವರಿಗೆಲ್ಲ ಚುಚ್ಚೋ ಕೆಲಸಕ್ಕೇ ಸೇರ್ತೀಯ ಅಂತ ಆಗಲೇ ಗೊತ್ತಿತ್ತೋ ಏನೋ.

ನಿನ್ನ ಕಾಗದ ಚಿಕ್ಕಪ್ಪನಿಗೂ ಓದಿ ಹೇಳಿದೆ. ಸಿಗರೇಟಿನ ಸಾಲು ಬಂದ ತಕ್ಷಣ ಭಟ್ಟಿ ನೋಡೋ ನೆಪ ಮಾಡಿ ಎದ್ದು ಹೋದರು. ಆಮೇಲೆ ಬಂದು, "ನಿನ್ನ ತಂಗಿ ಓದಿದ್ದು ಜಾಸ್ತಿ ಆಯ್ತು" ಅಂದರು. ನಾನು ಬಿಟ್ಟಿದ್ದೀನಿ ಕಣೇ. ಅವರು ಸೇದುವಾಗ ಗಾಳಿ ಬೀಸೋ ಕಡೆ ಕೂತ್ಕೋತೀನಿ, ಅಷ್ಟೆ. ಅದೂ ಲೆಕ್ಕಕ್ಕೆ ಬರುತ್ತಾ?

ಸೇತುವೆ ತನಕ ನಡೆದೆ. ದಾರೀಲಿ ಸಿಕ್ಕವರೆಲ್ಲ ನಿಲ್ಲಿಸಿ, "ಯಾಕೆ, ಏನಾಯ್ತು? ಯಾರಿಗೆ ಹುಷಾರಿಲ್ಲ?" ಅಂತ ಕೇಳಿದರು. ನಮ್ಮ ಬೀದೀಲಿ ಕಾರಣ ಇಲ್ಲದೆ ಯಾರೂ ನಡೆಯಲ್ಲ. ಈಗ ಕೈಯಲ್ಲಿ ಒಂದು ಖಾಲಿ ಚೀಲ ಹಿಡ್ಕೊಂಡು ಹೋಗ್ತೀನಿ. ಯಾರೂ ಮಾತಾಡಿಸಲ್ಲ.

ನಿದ್ದೆ ವಿಷಯ ಬಿಡು. ಊರು ಏಳೋಕೆ ಮುಂಚೆ ಬ್ರೆಡ್ ಆಗಿರಬೇಕು. ಹಿಟ್ಟು ನನ್ನ ಮುಖ ನೋಡಿ ಕಾಯಲ್ಲ. ಮಧ್ಯಾಹ್ನ ಕಿಟಕಿಗೆ ಮೈದಾ ಚೀಲ ಕಟ್ಟಿ ಮಲಗ್ತಿದ್ದೀನಿ. ಸೊಪ್ಪು ತಿಂದೂ ತಿಂದೂ ಮೇಕೆ ಆಗಿದ್ದೀನಿ. ಎದ್ದಾಗ ಬೆರಳುಗಳು ಮೊನ್ನೆಯ ಬ್ರೆಡ್ಡಿನ ಹಾಗೆ ಇರ್ತವೆ, ಬಗ್ಗಿಸಿದರೆ ಮುರಿಯುತ್ತೇನೋ ಅನ್ನಿಸುತ್ತೆ. ಬಿಸಿನೀರಲ್ಲಿ ಅದ್ದಿ ಕೂತರೆ ಬಿಡುತ್ತೆ.

ಮುಂದಿನ ತಿಂಗಳು ನರ್ಸಮ್ಮ ಮತ್ತೆ ರಕ್ತ ತೆಗೀತಾರಂತೆ. ಅವರಿಗೆ ಕ್ಲಿನಿಕ್ಕಿಗಿಂತ ನಮ್ಮ ರಸ್ಕಿನ ಮೇಲೇ ಪ್ರೀತಿ.

ಅಕ್ಕ

&nbsp;

ಫೆಬ್ರವರಿ 27

ಪ್ರೀತಿಯ ಅಕ್ಕ,

ಐವತ್ತೊಂದು. ಇಳಿದಿದೆ. ಬಹಳ ಅಲ್ಲ, ಆದರೂ ಇಳಿದಿದೆ.

ಇದನ್ನು ಬರೆಯುವಾಗ ನನ್ನನ್ನೇ ನಾನು ತಡೆದುಕೊಳ್ಳುತ್ತಿದ್ದೇನೆ. ಇಷ್ಟು ಏರಿಳಿತ ತನ್ನಷ್ಟಕ್ಕೇ ಆಗಬಹುದು. ಒಂದು ನೆಗಡಿ ಬಂದು ಹೋದರೂ ಆಗುತ್ತದೆ. ಸಿಗರೇಟು ಬಿಟ್ಟದ್ದರ, ನಡೆದದ್ದರ ಫಲ ಮೈಯಲ್ಲಿ ನಿಧಾನವಾಗಿ ಕೂಡಿಬರುವಂಥದ್ದು. ನಿನ್ನ ಕಾಯಿಲೆಯಂಥದ್ದಕ್ಕೆ ಅದು ಸಾಕೇ ಎಂದು ಪುಸ್ತಕವನ್ನು ಕೇಳಿದರೆ ಸಾಲದು ಎನ್ನುತ್ತದೆ. ಆ ಪುಟವನ್ನು ಮಡಚಿಟ್ಟು ಖಾಲಿ ಚೀಲ ಹಿಡಿದು ಸೇತುವೆಗೆ ಹೋಗುವ ನಿನ್ನನ್ನು ನೆನೆಸಿಕೊಳ್ಳುತ್ತೇನೆ.

ಕೈ ಹೇಗಿದೆ ಎಂದು ನೀನು ಬರೆದಿಲ್ಲ. ಅಂಕಿ ನನಗೆ ಸಿಗುತ್ತದೆ, ಕೈ ಕಾಣುವುದಿಲ್ಲ.

ಸೂಜಿ

&nbsp;

ಮಾರ್ಚ್ 20

ಸೂಜಿ,

ಕೈ ಕೇಳಿದ್ದೀಯ, ಹೇಳ್ತೀನಿ.

ಹಿಟ್ಟು ಆಗಿದೆಯೋ ಇಲ್ಲವೋ ಅಂತ ನಾವು ಹೆಬ್ಬೆರಳಲ್ಲಿ ಒತ್ತಿ ನೋಡೋದು ನಿನಗೆ ನೆನಪಿರಬೇಕು. ಒತ್ತಿದ ಗುಳಿ ತಟ್ಟನೆ ಮೇಲೆ ಬಂದರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ ಅರ್ಧ ಮೇಲೆ ಬಂದು ನಿಂತರೆ ಭಟ್ಟಿಗೆ ಹಾಕು. ಗುಳಿ ಗುಳಿಯಾಗೇ ಉಳಿದರೆ ಹಿಟ್ಟು ಮೀರಿ ಹೋಯ್ತು ಅಂತ. ನೋಡೋಕೆ ಆಗಲೇ ಚೆನ್ನಾಗಿ ಉಬ್ಬಿರುತ್ತೆ, ಒಳಗೆ ಏನೂ ಉಳಿದಿರಲ್ಲ. ಅಪ್ಪ ನನಗೆ ಕಲಿಸಿದ್ದು ಇದೊಂದೇ. ಉಳಿದಿದ್ದೆಲ್ಲ ಬೈಗುಳ.

ಹೋದ ವಾರ ಒತ್ತಿದರೆ ಹೆಬ್ಬೆರಳಿಗೆ ಏನೂ ಗೊತ್ತಾಗಲಿಲ್ಲ. ನೋವು ಎಷ್ಟಿತ್ತು ಅಂದರೆ ಹಿಟ್ಟು ಎಲ್ಲಿ ಶುರು, ಬೆರಳು ಎಲ್ಲಿ ಮುಗೀತು ಅಂತಲೇ ತಿಳೀಲಿಲ್ಲ. ಒಂದು ಭಟ್ಟಿ ಪೂರ್ತಿ ಚಪ್ಪಟೆ ಬಂತು. ಚಿಕ್ಕಪ್ಪ ಅಷ್ಟನ್ನೂ ರಸ್ಕಿಗೆ ಕೊಯ್ದು ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಒಂದು ಟ್ರೇ ಕೈ ಜಾರಿತು, ಬಿಡು.

ಪಕ್ಕದ ಔಷಧಿ ಅಂಗಡಿಯವರು ಬನ್ ತಗೊಳ್ಳೋಕೆ ಬಂದಾಗ ನನ್ನ ಕೈ ನೋಡಿ ಬಾಯಲ್ಲಿ ಚು ಚು ಅಂದರು. ಊರವರೆಲ್ಲ ಚು ಚು ಅಂತಾರೆ.

ಒಂದು ಕೇಳ್ತೀನಿ. ಎಷ್ಟಕ್ಕೆ ಬಂದರೆ ನಿನಗೆ ಸಮಾಧಾನ? ಹತ್ತಕ್ಕೆ ಬರಬೇಕಾ, ಇಪ್ಪತ್ತು ಆದರೂ ಸಾಕಾ?

ಅಕ್ಕ

&nbsp;

ಏಪ್ರಿಲ್ 24

ಅಕ್ಕಾ,

ಎಂಟು!

ಯಂತ್ರ ಕೆಟ್ಟಿದೆ ಎಂದುಕೊಂಡು ಮತ್ತೊಂದು ಸಲ ನಡೆಸಿದೆ. ಆಗಲೂ ಎಂಟು. ಟ್ಯೂಬಿನ ಮೇಲೆ ನರ್ಸಮ್ಮ ಬರೆದ ನಿನ್ನ ಹೆಸರನ್ನು ಮೂರು ಸಲ ಓದಿದೆ. ಪಕ್ಕದ ಮೇಜಿನವಳನ್ನು ಕರೆದು ತೋರಿಸಿದೆ. ನಾವು ದಿನದ ಕೆಲಸ ಬರೆಯುವ ಬಿಳಿ ಹಲಗೆಯ ಮೂಲೆಯಲ್ಲಿ ದೊಡ್ಡದಾಗಿ ಎಂಟು ಎಂದು ಬರೆದು ಸುತ್ತ ಗೆರೆ ಎಳೆದೆ. ಯಾರೋ ಅದನ್ನು ಕೋಣೆಯ ನಂಬರು ಅಂದುಕೊಂಡು ಹುಡುಕಿಕೊಂಡು ಹೋದರಂತೆ.

ಅಕ್ಕ, ನೀನು ನಡೆದು ನಡೆದು ಇದನ್ನು ಇಳಿಸಿದೆ. ಸಿಗರೇಟು ಬಿಟ್ಟು, ಮೈದಾ ಚೀಲದ ಕತ್ತಲಲ್ಲಿ ಮಲಗಿ ಇಳಿಸಿದೆ. ಮಡಚಿಟ್ಟ ಪುಟವನ್ನು ಇವತ್ತು ಬಿಡಿಸಿ ಓದಿ ನಕ್ಕೆ. ಸಂಜೆ ನಾನೂ ಬಸ್ಸಿಗೆ ಕಾಯದೆ ಮನೆಗೆ ನಡೆದೇ ಹೋದೆ. ಅಮ್ಮ ಹೋದ ಮೇಲೆ ಆ ಬೀದಿಯಲ್ಲಿ ಮರಗಳಿವೆ ಎಂಬುದನ್ನು ನೋಡಿದ್ದು ಇದೇ ಮೊದಲು.

ಕೀಲಿನ ಡಾಕ್ಟರ ಹತ್ತಿರ ಮೇ ತಿಂಗಳಿಗೆ ತೆಗೆದುಕೊಂಡಿದ್ದ ಸಮಯವನ್ನು ಸದ್ಯಕ್ಕೆ ಬೇಡವೆಂದು ಹೇಳಿದ್ದೇನೆ. ಅವರನ್ನು ನೋಡಲು ತಿಂಗಳುಗಟ್ಟಲೆ ಕಾಯುವವರು ಇದ್ದಾರೆ. ಆ ಜಾಗ ಇನ್ನೊಬ್ಬರಿಗೆ ಆಗಲಿ. ನೀನು ಹೇಳಿದ್ದೇ ಸರಿ, ನಿನಗೆ ಅದು ಬೇಕಿರಲಿಲ್ಲ.

ನಿನ್ನ, ನಿನ್ನ
ಸೂಜಿ

&nbsp;

ಮೇ 26

ಸೂಜಿ,

ನಿನ್ನ ಕಾಗದವನ್ನು ಚಿಕ್ಕಪ್ಪ ಹಿಟ್ಟಿನ ಡಬ್ಬದ ಮೇಲೆ ಅಂಟಿಸಿದ್ದಾರೆ. ಬಂದವರಿಗೆಲ್ಲ ತೋರಿಸ್ತಾರೆ. ಪೀಪಿ ಅದನ್ನು ನೋಡಿದ ಮೇಲೆ ತಾನೂ ಸೊಪ್ಪು ತಿಂತೀನಿ ಅಂತ ಹೊರಟಿದ್ದಾನೆ.

ಒಂದು ತಿಂಗಳಿಂದ ಒಂದೇ ಸಮನೆ ನಾದ್ತಿದ್ದೀನಿ. ಬೆರಳು ಮಡಚುತ್ತೆ, ಬಿಚ್ಚುತ್ತೆ. ಹೆಬ್ಬೆರಳಿಗೆ ಹಿಟ್ಟು ಮತ್ತೆ ಮಾತಾಡ್ತಿದೆ. ಚಿಕ್ಕಪ್ಪ ಸಾಕು ಅಂದರೂ ಇನ್ನೊಂದು ಮೂಟೆ ಬಿಚ್ಚು ಅಂತೀನಿ. ನಿದ್ದೆ ಅಷ್ಟಕ್ಕಷ್ಟೆ, ಮಲಗಿದರೂ ತಲೆ ಓಡ್ತಾನೇ ಇರುತ್ತೆ. ಹಸಿವಂತೂ ಕೇಳಬೇಡ. ಮುಖ ಊದಿ ನಮ್ಮ ದೊಡ್ಡ ಬನ್ನಿನ ಹಾಗಾಗಿದೆ, ಗಿರಾಕಿಗಳು "ಏನಮ್ಮ, ಚೆನ್ನಾಗಿ ಕಾಣ್ತಿದ್ದೀಯ" ಅಂತಾರೆ. ಸೆಖೆಗೋ ಏನೋ ಸಿಕ್ಕಾಪಟ್ಟೆ ಬಾಯಾರಿಕೆ. ಕೊಡ ಪಕ್ಕದಲ್ಲೇ ಇಟ್ಟುಕೊಂಡು ಕೂರೋ ಹಾಗಾಗಿದೆ.

ಈ ಸಲದ ಟ್ಯೂಬ್ ಇದರ ಜೊತೆಗಿದೆ. ಚೆನ್ನಾಗೇ ಬರುತ್ತೆ, ಯೋಚನೆ ಮಾಡಬೇಡ.

ಅಕ್ಕ

&nbsp;

ಮೇ 28

ಅಕ್ಕ,

ಸಿ.ಆರ್.ಪಿ. ಆರೂವರೆ ಬಂತು. ಹಲಗೆಯ ಮೇಲೆ ಬರೆಯಲು ಎದ್ದವಳು ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದೆ. ಬಾಯಾರಿಕೆ, ಹಸಿವು, ಊದಿದ ಮುಖ. ಯಾರೂ ಕೇಳದಿದ್ದರೂ ಅದೇ ಟ್ಯೂಬಿನಲ್ಲಿ ಸಕ್ಕರೆ ನೋಡಿದೆ. ಇನ್ನೂರ ತೊಂಬತ್ತು. ಟ್ಯೂಬಿನಲ್ಲಿರುವ ರಕ್ತ ದಾರಿಯುದ್ದಕ್ಕೂ ತನ್ನ ಸಕ್ಕರೆಯನ್ನು ತಾನೇ ತಿನ್ನುತ್ತಿರುತ್ತದೆ. ತಿಂದು ಉಳಿದದ್ದು ಇಷ್ಟು.

ನರ್ಸಮ್ಮನಿಗೆ ಫೋನ್ ಮಾಡಿದೆ. ಮೊದಲು ಏನೂ ಗೊತ್ತಿಲ್ಲ ಎಂದರು, ಆಮೇಲೆ ಅತ್ತು ಎಲ್ಲ ಹೇಳಿದರು. ಔಷಧಿ ಅಂಗಡಿಯವನು ಚೀಟಿ ಇಲ್ಲದೆ ಕೊಡುವ ಆ ಪುಟ್ಟ ಬಿಳಿ ಮಾತ್ರೆ ಏನೆಂದು ನಿನಗೆ ಗೊತ್ತಿತ್ತೇ? ಅದು ಸ್ಟಿರಾಯ್ಡ್. ಊತವನ್ನು ಅದುಮಿ ಹಿಡಿಯುತ್ತದೆ, ಅಂಕಿಯನ್ನು ಇಳಿಸುತ್ತದೆ, ಸಕ್ಕರೆಯನ್ನು ಏರಿಸುತ್ತದೆ. ಒಳಗೊಳಗೇ ಮೂಳೆಯನ್ನೂ ತಿನ್ನುತ್ತದೆ. ನಾನು ಹಲಗೆಯ ಮೇಲೆ ಬರೆದು ಗೆರೆ ಎಳೆದದ್ದು ನಿನ್ನ ಆರೋಗ್ಯವನ್ನಲ್ಲ, ಅಂಗಡಿಯವನ ಡಬ್ಬಿಯನ್ನು. ಅದನ್ನು ನಂಬಿ ಡಾಕ್ಟರನ್ನೇ ಬೇಡವೆಂದೆ.

ಇವತ್ತೇ ನಿಲ್ಲಿಸು. ಇದ್ದದ್ದೆಲ್ಲ ಎಸೆ. ಪೀಪಿ ಹೊರಡುತ್ತಿದ್ದಾನೆ, ಇನ್ನು ಬರೆಯಲಾರೆ.

&nbsp;

ಮೇ 29

ಅಕ್ಕ,

ನಿನ್ನೆಯ ಕಾಗದ ತಪ್ಪು. ಸಿಟ್ಟಿನಲ್ಲಿ ಬರೆದೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡ. ಇಷ್ಟು ವಾರ ಹೊರಗಿನಿಂದ ಸಿಕ್ಕಿದ್ದರಿಂದ ನಿನ್ನ ಮೈ ತನ್ನದೇ ಸ್ಟಿರಾಯ್ಡ್ ಮಾಡುವುದನ್ನು ನಿಲ್ಲಿಸಿಬಿಟ್ಟಿರುತ್ತದೆ, ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಡಾಕ್ಟರು ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಬರೆದೆ.

ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಚಿಕ್ಕಪ್ಪ ಎತ್ತಿದರು. "ನಿನ್ನ ಕಾಗದ ಓದಿ ಡಬ್ಬಿ ಸಮೇತ ಭಟ್ಟಿಗೆ ಹಾಕಿದಳಮ್ಮ. ಈಗ ತಿನ್ನು ಅಂತೀಯಾ? ಮೊದಲು ನೀವಿಬ್ಬರೂ ಒಂದು ಮಾತಿಗೆ ಬನ್ನಿ" ಎಂದರು. ನರ್ಸಮ್ಮನನ್ನು ಕಳಿಸಿದೆ. ಚಾಡಿ ಹೇಳಿದವಳು ಎಂದು ಅವರ ಮುಖದ ಮೇಲೇ ಷಟರ್ ಎಳೆದೆಯಂತೆ. ರಜೆ ಸಿಕ್ಕ ಕೂಡಲೇ ಬರುತ್ತೇನೆ. ದಯವಿಟ್ಟು ಇದನ್ನು ಓದಿದ ತಕ್ಷಣ ಯಾವ ಡಾಕ್ಟರ ಬಳಿಗಾದರೂ ಹೋಗು. ನನ್ನ ಮೇಲಿನ ಸಿಟ್ಟು ಆಮೇಲೂ ಇರುತ್ತದೆ, ಇರಲಿ.

ಸೂಜಿ

&nbsp;

ಜೂನ್ 2

ಸೂಜಿ,

ನಿನ್ನ ಎರಡನೇ ಕಾಗದ ಬಂದಿದೆ. ಒಡೆದಿಲ್ಲ. ಒಂದು ದಿನ ಎಸಿ ಅಂತೀಯ, ಮಾರನೇ ದಿನ ತಿನ್ನು ಅಂತೀಯಂತೆ. ಚಿಕ್ಕಪ್ಪ ಹೇಳಿದರು. ನೀನು ಎಸಿ ಅಂದೆ, ಎಸೆದೆ. ಒಂದು ಸಲವಾದರೂ ನಿನ್ನ ಮಾತು ಪೂರ್ತಿ ಕೇಳೋಣ ಅಂತ.

ಅಕ್ಷರ ಹೀಗಿದೆ ಅಂತ ಬೇಜಾರು ಮಾಡ್ಕೋಬೇಡ. ಪೆನ್ನು ನಿಲ್ತಿಲ್ಲ.

ಮೊದಲು ರಕ್ತ ಕೊಡೋ ವಾರ ಮಾತ್ರ ತಗೊಂಡೆ. ಅಂಗಡಿ ನೋಡೋಕೆ ಬರೋವರಿಗೆ ನಾವು ಚೆನ್ನಾಗಿ ಬಂದ ಬ್ರೆಡ್ಡನ್ನೇ ಮುಂದೆ ಇಡಲ್ವಾ, ಹಾಗೆ. ಆಗ ಬೆರಳು ಬಿಚ್ಚಿತು. ಬಿಚ್ಚಿದ ಬೆರಳನ್ನ ಮತ್ತೆ ಮುಚ್ಚು ಅಂತ ಹೇಗೆ ಹೇಳಲಿ? ಅಷ್ಟರಲ್ಲಿ ನಿನ್ನ ಕಾಗದ ಬಂತು. ಮರ ನೋಡಿದೆ ಅಂತ ಬರೆದಿದ್ದೆ. ಅಮ್ಮ ಹೋದ ಮೇಲೆ ನೀನು ನಗ್ತಾ ಬರೆದಿದ್ದು ಅದೊಂದೇ. ಅದು ಸುಳ್ಳು ಅಂತ ಯಾವ ಬಾಯಲ್ಲಿ ಹೇಳೋದು?

ನಡೆದಿದ್ದು ನಿಜ ಕಣೇ. ಸಿಗರೇಟು ಬಿಟ್ಟಿದ್ದೂ ನಿಜ. ಅದರಲ್ಲಿ ಮೋಸ ಇಲ್ಲ.

ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತೆ. ತಿಂದಿದ್ದು ನಿಲ್ತಿಲ್ಲ. ಮಲಗ್ತೀನಿ.

&nbsp;

ಜುಲೈ 30

ಪ್ರೀತಿಯ ಅಕ್ಕ,

ನಿನ್ನನ್ನು ಮನೆಗೆ ಬಿಟ್ಟು ಬಂದು ಒಂದು ವಾರವಾಯಿತು. ಆಸ್ಪತ್ರೆಯಲ್ಲಿ ಅಷ್ಟು ದಿನ ನಿನ್ನ ಪಕ್ಕದಲ್ಲೇ ಕೂತಿದ್ದರೂ ನಾವು ಹಾಸಿಗೆಯ ಚಾದರ, ಕಿಟಕಿ, ಊಟದ ತಟ್ಟೆ ಇಷ್ಟರ ಬಗ್ಗೆಯೇ ಮಾತಾಡಿದೆವು. ಅದಕ್ಕೇ ಬರೆಯುತ್ತಿದ್ದೇನೆ.

ಪೀಪಿ ಸುಮ್ಮನೆ ರಸ್ಕ್ ಕೇಳಲು ಬಂದು ನೀನು ಬಿದ್ದಿದ್ದನ್ನು ನೋಡದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರು ಹೇಳಿದಾಗ ನೀನು ನಿದ್ದೆಯಲ್ಲಿದ್ದೆ. ಆಮೇಲೆ ಎಕ್ಸ್-ರೇ ತೋರಿಸಿದರು. ಮಾತ್ರೆ ನೋವನ್ನು ಮುಚ್ಚಿಟ್ಟಿದ್ದ ವಾರಗಳಲ್ಲಿ ಕಾಯಿಲೆ ಕೈಕಟ್ಟಿ ಕೂತಿರಲಿಲ್ಲ. ಆ ಕೈಯಿಂದಲೇ ನೀನು ಮೂಟೆಗಟ್ಟಲೆ ನಾದಿದ್ದೆ. ವಾರದ ಮಾತ್ರೆ ಈಗ ಶುರುವಾಗಿದೆ. ಅದು ಕೆಲಸ ಮಾಡಿದರೆ ಇನ್ನಷ್ಟು ಹಾಳಾಗುವುದು ನಿಲ್ಲಬಹುದು. ಆಗಿಹೋದದ್ದಕ್ಕೆ ಮದ್ದಿಲ್ಲ. "ಮೇ ತಿಂಗಳಲ್ಲಿ ಬಂದಿದ್ದರೆ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ.

ನಾನು ಬರೆದದ್ದೆಲ್ಲ ಸುಳ್ಳೇ ಎಂದು ನೀನು ಆಸ್ಪತ್ರೆಯಲ್ಲಿ ಒಂದೇ ಒಂದು ಸಲ ಕೇಳಿದೆ. ಆಗ ನಾನು ಚಾದರ ಸರಿಮಾಡಿದೆ. ಸುಳ್ಳಲ್ಲ ಅಕ್ಕ. ನಡೆಯುವುದು, ಸೇದದಿರುವುದು, ಸರಿಯಾಗಿ ತಿನ್ನುವುದು, ಮಲಗುವುದು, ಎಲ್ಲವೂ ಉರಿಯನ್ನು ಸ್ವಲ್ಪ ತಗ್ಗಿಸುತ್ತವೆ, ಹೃದಯವನ್ನು ಕಾಯುತ್ತವೆ. ನಿನ್ನ ಕಾಯಿಲೆಗೆ ಅಷ್ಟೇ ಸಾಕಾಗುತ್ತಿರಲಿಲ್ಲ. ಮಾತ್ರೆಯ ಜೊತೆಗೆ ಮಾಡಬೇಕಿದ್ದದ್ದನ್ನು ಮಾತ್ರೆಯ ಬದಲಿಗೆ ಮಾಡಿದೆವು. ಮಾಡಿದೆವು ಎಂದು ಬರೆದು ನೋಡಿದೆ, ಮಾಡಿಸಿದೆ ಎಂದು ಬರೆಯಬೇಕೇನೋ. ಎರಡನ್ನೂ ಓದಿಕೊಂಡು ಕೂತಿದ್ದೇನೆ.

ಆ ಒಡೆಯದ ಕಾಗದ ಇನ್ನೂ ಇದ್ದರೆ ಒಡೆಯಬೇಡ. ಭಟ್ಟಿಗೆ ಹಾಕು.

ಸೂಜಿ

&nbsp;

ಅಕ್ಟೋಬರ್ 6

ಮೇಡಂ ನಮಸ್ಕಾರ,

ಇದನ್ನು ಬರೀತಿರೋದು ನಾನು, ವ್ಯಾನಿನವನು. ಪೀಪಿ ಅಂತ ಬರಿ ಅಂತಿದ್ದಾರೆ ನಿಮ್ಮಕ್ಕ. ಅವರು ಹೇಳಿದ ಹಾಗೇ ಬರೀತೀನಿ, ನನ್ನ ಕಾಗುಣಿತ ಕ್ಷಮಿಸಿ. ಇನ್ನು ಮುಂದೆ ಅವರ ಮಾತು.

ಸೂಜಿ, ಇವನ ಅಕ್ಷರ ಇವನ ಡ್ರೈವಿಂಗ್ ಥರಾನೇ ಇದೆ, ಸಂಭಾಳಿಸ್ಕೋ. ಪೆನ್ನು ಹಿಡಿಯೋಕೆ ನನ್ನ ಬೆರಳು ಒಪ್ಪಲ್ಲ. ಎಲ್ಲವೂ ಒಂದೇ ಕಡೆಗೆ ವಾಲಿವೆ, ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ. ಮೊನ್ನೆ ಚಿಕ್ಕಪ್ಪ ನನ್ನ ರವಿಕೆ ಗುಂಡಿ ಹಾಕೋಕೆ ಪಕ್ಕದ ಮನೆಯವರನ್ನು ಕರೀತೀನಿ ಅಂದಾಗ ಇಬ್ಬರಿಗೂ ಒಂದೇ ನೆನಪು ಬಂತು. ಈಗ ತಲೆ ಮೇಲಿಂದ ಹಾಕೋ ನಿಲುವಂಗಿ ಹಾಕ್ತೀನಿ.

ಹೋದ ಸೋಮವಾರ ಭಟ್ಟಿ ಆರಿಸಿದೆವು. ಅಪ್ಪ ಹಚ್ಚಿದ ಮೇಲೆ ಅದು ತಣ್ಣಗಾಗಿದ್ದೇ ಇಲ್ಲ. ಅಪ್ಪ ಹೋದ ದಿನವೂ ಚಿಕ್ಕಪ್ಪ ಕೆಂಡ ಕಾದಿದ್ದರು. ಹಿಟ್ಟು ನೋಡೋಕೆ ಹೆಬ್ಬೆರಳು ಇಲ್ಲ, ಎತ್ತೋಕೆ ಚಿಕ್ಕಪ್ಪನಿಗೆ ಬೆನ್ನಿಲ್ಲ. ಜಾಗ ತಗೊಂಡವರು ಗೋದಾಮು ಮಾಡ್ತಾರಂತೆ. ತಿಂಗಳ ಕೊನೆ ತನಕ ಹಿಂದಿನ ಕೋಣೇಲಿ ಇರ್ತೀವಿ. ಆಮೇಲೆ ನಿನ್ನ ಹತ್ತಿರ ಬಾ ಅಂದಿದ್ದೀಯ, ನೋಡೋಣ. ನಿಮ್ಮೂರಲ್ಲಿ ಸುಮ್ಮನೆ ನಡೆದರೆ ಯಾರೂ ಏನೂ ಕೇಳಲ್ಲ ಅಲ್ವಾ?

ಬೆಂಕಿ ಇಲ್ಲದಿದ್ದರೂ ಗೋಡೆ ಇನ್ನೂ ಬೆಚ್ಚಗಿದೆ. ಬೆಕ್ಕು ಅದಕ್ಕೇ ಒರಗಿ ಮಲಗುತ್ತೆ, ಪಾಪ, ಅದಕ್ಕೆ ಯಾರು ಹೇಳ್ತಾರೆ.

ಇಲ್ಲಿ ಇವನು ಬರೆಯೋದು ನಿಲ್ಲಿಸಿ ಮೂಗು ಒರೆಸ್ಕೋತಿದ್ದಾನೆ. ಬರಿಯೋ ಮಾರಾಯ.

ನರ್ಸಮ್ಮನ ಜೊತೆ ಮತ್ತೆ ಮಾತಾಡ್ತಿದ್ದೀನಿ, ಅವರೇ ಬಂದು ರಕ್ತ ತೆಗೆದರು. ವಾರದ ಮಾತ್ರೆ ಬಿಟ್ಟು ಬೇರೇನೂ ತಿಂದಿಲ್ಲ. ಹಳೇ ಡಬ್ಬೀಲೇ ಕಳಿಸ್ತಿದ್ದೀನಿ, ಕಳಿಸೋಕೆ ಇನ್ನೇನೂ ಇಲ್ಲ. ಎಷ್ಟಿದ್ದರೂ ಇದ್ದ ಹಾಗೆ ಬರಿ.

ನಿಮ್ಮಕ್ಕ (ಸಹಿ ಬೇಡ ಅಂದರು)

&nbsp;

ಅಕ್ಟೋಬರ್ 8

ಪ್ರೀತಿಯ ಅಕ್ಕ,

ಐದು.

ಸಕ್ಕರೆಯನ್ನೂ ನೋಡಿದೆ, ಸರಿಯಾಗಿದೆ. ಎರಡು ಸಲ ನಡೆಸಿದೆ, ಎರಡು ಸಲವೂ ಐದು. ಈ ಸಲದ್ದು ನಿಜವಾದ ಐದು. ನಿನ್ನ ಮೈಯಲ್ಲಿ ಈಗ ಉರಿಯೂತ ಇಲ್ಲ ಎನ್ನುವಷ್ಟು ಕಡಿಮೆ. ನನ್ನ ಅಂಕಿಯೇ ನಿನ್ನದಕ್ಕಿಂತ ಹೆಚ್ಚು ಇದ್ದೀತು.

ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಬರೆಯಲಿಲ್ಲ. ಪಕ್ಕದ ಮೇಜಿನವಳು "ಎಷ್ಟು ಬಂತು?" ಎಂದಳು. ಹೇಳಿದೆ. "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳು ಬಿಡುವವರೆಗೂ ನಾನು ನನ್ನ ಬೆರಳುಗಳನ್ನೇ ನೋಡುತ್ತಿದ್ದೆ.

ಹಿಂದಿನ ಕೋಣೆಯಲ್ಲಿ ಹುಷಾರಾಗಿರು. ತಿಂಗಳ ಕೊನೆಗೆ ನಾನೇ ಬರುತ್ತೇನೆ, ಸಾಮಾನು ಕಟ್ಟುವ ಕೆಲಸಕ್ಕೆ ನೀನು ಕೈ ಹಾಕಬೇಡ.

ಗೋಡೆ ಇನ್ನೂ ಬೆಚ್ಚಗಿದೆಯೇ? ಬೆಕ್ಕು ಎದ್ದು ಹೋಯಿತೇ?

ಸೂಜಿ